ಅಮಾತ್ಯನು ಯಾರಿಗೆ ಹೊಣೆ?

ಕೌಟಿಲ್ಯನು ರಾಜ್ಯದ ಏಳು ಅಂಗಗಳನ್ನು ಹೇಳುವಾಗ ಸ್ವಾಮಿಯ ತರುವಾಯ ಅಮಾತ್ಯನನ್ನೂ, ಆತನ ತರುವಾಯ ಜನಪದವನ್ನೂ ಎಣಿಸಿರುವನು. ನಡುವೆ ನಿಂತ ಈ ಅಮಾತ್ಯನು ಯಾರಿಗೆ ಉತ್ತರ ಕೊಡತಕ್ಕವನು? ರಾಜ್ಯಪದ್ಧತಿಗಳ ಭೇದವು ಬಹುಮಟ್ಟಿಗೆ ಈ ಪ್ರಶ್ನೆಯಲ್ಲಿಯೇ ಅಡಗಿದೆ. ಅದನ್ನರಿಯಲು ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳು ಸೇರಿದ್ದ ಮೈಸೂರು ಸಂಸ್ಥಾನದ ಚರಿತ್ರೆಯೇ ಸಾಕು.

1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ತಾಲ್ಲೂಕುಗಳ ಹಿಡುವಳಿದಾರರೂ ವರ್ತಕರೂ ಸೇರಿ 144 ಮಂದಿ ಸದಸ್ಯರಿದ್ದರು. 1891ರಲ್ಲಿ ಚುನಾವಣೆಯ ಕ್ರಮವು ಬಂದಿತು. 1907ರಲ್ಲಿ ನ್ಯಾಯವಿಧಾಯಕ ಸಭೆಯು ಹುಟ್ಟಿತು. 1923ರಲ್ಲಿ ಹೊಸ ತೆರಿಗೆಗಳ ವಿಷಯದಲ್ಲಿ ಪ್ರತಿನಿಧಿಗಳ ಅಭಿಪ್ರಾಯವನ್ನು ಕೇಳಬೇಕೆಂದು ವಿಧಿಸಲಾಯಿತು. ಆದರೂ ಸಭೆಯು ಒಪ್ಪದಿದ್ದರೆ ದಿವಾನರು ಪದವಿಯನ್ನು ಬಿಡಬೇಕಾಗಿರಲಿಲ್ಲ. ಅವರನ್ನು ನೇಮಿಸತಕ್ಕವರೂ ಬಿಡಿಸತಕ್ಕವರೂ ಮಹಾರಾಜರೇ.

ಮೇಲುನೋಟಕ್ಕೆ ಇದು ಅಮೆರಿಕದ ಅಧ್ಯಕ್ಷಪದ್ಧತಿಯನ್ನು ಹೋಲುವುದು. ಅಲ್ಲಿಯೂ ಅಧ್ಯಕ್ಷನು, ಮಹಾಪರಾಧದ ವಿಚಾರಣೆಯ ಹೊರತು, ಶಾಸನಸಭೆಯ ಅಸಮ್ಮತಿಯಿಂದ ಇಳಿಯನು. ಆದರೆ ನಾಲ್ಕು ವರ್ಷಗಳಿಗೊಮ್ಮೆ ಆ ಪದವಿಯನ್ನು ಪ್ರಜೆಗಳ ಮತವು ನಿರ್ಣಯಿಸುವುದು. ದಿವಾನರಿಗೆ ಅಂತಹ ದಿನವೇ ಇರಲಿಲ್ಲ.

ದಿವಾನರ ಆಡಳಿತವು ಫಲಹೀನವಾಗಿತ್ತೆಂದು ಯಾರೂ ಹೇಳಲಾರರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಕಾಲವು ಇಂದಿಗೂ ಕೀರ್ತಿತವಾಗಿದೆ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿಯ ಜಲಾಶಯವೂ ಸಂಸ್ಥಾನಕಾಲದ್ದೇ. ಹೀಗಿದ್ದೂ 1947ರ ಸೆಪ್ಟೆಂಬರಿನಲ್ಲಿ ಜನರು ‘ಮೈಸೂರು ಚಲೋ’ ಎಂದು ಹೊರಟುದೇಕೆ? ಬೇಡಿದರೆ ಕೊಡುವ ಪ್ರಭುತ್ವವು ಬೇರೆ, ಕೇಳಿದರೆ ಉತ್ತರ ಹೇಳಲೇಬೇಕಾದ ಸರ್ಕಾರವು ಬೇರೆ. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ರಚಿತವಾಯಿತು. ದಿವಾನ ಪದವಿಯು 1949ರವರೆಗೆ ಉಳಿದಿದ್ದರೂ ಸಂಸದೀಯ ಪದ್ಧತಿಗೆ ಅಂದೇ ಬುನಾದಿ ಬಿದ್ದಿತು.

ಮೂರನೆಯದು ರಾಜ್ಯಕೂಟದ ಪದ್ಧತಿ. ಇದರಲ್ಲಿ ರಾಜ್ಯಗಳು ತಮ್ಮ ಪರಮಾಧಿಕಾರವನ್ನು ಉಳಿಸಿಕೊಂಡು ಕೆಲವೇ ಕಾರ್ಯಗಳನ್ನು ಒಕ್ಕೂಟಕ್ಕೆ ಒಪ್ಪಿಸುವುವು. 1947ರ ಆಗಸ್ಟಿನಲ್ಲಿ ಜಯಚಾಮರಾಜ ಒಡೆಯರು ರುಜುಮಾಡಿದ ಸೇರ್ಪಡೆಯ ಪತ್ರವು ರಕ್ಷಣೆ, ವಿದೇಶವ್ಯವಹಾರ, ಸಂಪರ್ಕ ಎಂಬ ಮೂರನ್ನು ಮಾತ್ರ ಭಾರತಕ್ಕೆ ಒಪ್ಪಿಸಿದುದರಿಂದ, ಆ ಸಂಬಂಧವು ಇದಕ್ಕೆ ಸಮೀಪವಾಗಿತ್ತು. ಇಂತಹ ಕೂಟಗಳು ಬಲಹೀನವಾಗುವುದುಂಟು. 1781ರ ಅಮೆರಿಕದ ರಾಜ್ಯಕೂಟಕ್ಕೆ ತೆರಿಗೆ ವಿಧಿಸುವ ಅಧಿಕಾರವೇ ಇಲ್ಲದೆ, 1789ರಲ್ಲಿ ಅದರ ಸ್ಥಾನಕ್ಕೆ ಹೊಸ ಸಂವಿಧಾನವು ಬಂದಿತು. ಮೈಸೂರಾದರೋ 1949ರ ನವೆಂಬರಿನಲ್ಲಿ ಭಾರತದ ಸಂವಿಧಾನವನ್ನು ಅಂಗೀಕರಿಸಿ, 1950ರ ಜನವರಿ 26ರಿಂದ ಗಣರಾಜ್ಯದ ಅಂಗವಾಯಿತು.

ಕಾರ್ಯವು ಶೀಘ್ರವಾಗಿ ನಡೆಯಲೆಂದು ಅಧ್ಯಕ್ಷಪದ್ಧತಿಯನ್ನು ಬಯಸುವವರು ಈಗಲೂ ಇರುವರು. ಅವರ ವಾದವು ತಳ್ಳಿಹಾಕತಕ್ಕದ್ದಲ್ಲ. ಆದರೆ ಸಮರ್ಥನು ದೊರೆತ ಕಾಲವನ್ನು ಮಾತ್ರ ನೋಡಿ ಪದ್ಧತಿಯನ್ನು ಅಳೆಯಬಾರದು. ಅಸಮರ್ಥನು ಬಂದಾಗ ಪ್ರಜೆಗೆ ಇರುವ ಉಪಾಯವೇನೆಂಬುದನ್ನೂ ನೋಡಬೇಕು. ಸಂಸದೀಯ ಪದ್ಧತಿಯೂ ತಾನಾಗಿ ಕಾಯುವುದಿಲ್ಲ. ಗುಬ್ಬಿಯ ರೈತನು ಆರಿಸಿ ಕಳುಹಿಸಿದ ಪ್ರತಿನಿಧಿಯು ಸಭೆಯಲ್ಲಿ ಪ್ರಶ್ನಿಸುವುದನ್ನು ಬಿಟ್ಟು, ಮಂತ್ರಿಯ ಬಾಗಿಲಲ್ಲಿ ಬಿನ್ನಹ ಹಿಡಿದು ನಿಂತರೆ, ಹೆಸರಿಲ್ಲದ ದಿವಾನಗಿರಿಯು ಮರಳಿ ಬಂದಂತೆಯೇ ಸರಿ.