ಮಾಜಿ ಸೈನಿಕರ ಸವಲತ್ತು: ಯಾವುದಕ್ಕೆ ಯಾವ ಕಚೇರಿ?

1949ರಿಂದ ಪ್ರತಿ ವರ್ಷ ಡಿಸೆಂಬರ್ 7ರಂದು ದೇಶದಾದ್ಯಂತ ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಲಾಗುತ್ತಿದೆ. ಶಾಲೆಯಲ್ಲಿದ್ದಾಗ ಪುಟ್ಟ ಕಾಗದದ ಧ್ವಜವನ್ನು ಅಂಗಿಗೆ ಸಿಕ್ಕಿಸಿಕೊಂಡು ಡಬ್ಬಿಗೆ ನಾಣ್ಯ ಹಾಕಿದ ನೆನಪು ನಮ್ಮಲ್ಲಿ ಹಲವರಿಗಿದೆ. ಹೀಗೆ ಕೂಡಿಬಂದ ನಿಧಿಯಿಂದಲೇ ಪಿಂಚಣಿಯಿಲ್ಲದ ವೃದ್ಧ ಸೈನಿಕರಿಗೆ ಮಾಸಾಶನ, ಅವರ ಮಕ್ಕಳ ಓದಿಗೆ ನೆರವು, ಹೆಣ್ಣುಮಕ್ಕಳ ಮದುವೆಗೆ ಅನುದಾನ ದೊರೆಯುತ್ತದೆ. ನಿಧಿ ಇದೆ, ಯೋಜನೆಗಳಿವೆ, ಅರ್ಹರೂ ಇದ್ದಾರೆ. ಆದರೆ ಅರ್ಜಿ ಸಲ್ಲಿಸದೆ, ದಾಖಲೆಗಳು ತಾಳೆಯಾಗದೆ ಈ ಸವಲತ್ತುಗಳು ಯಾರ ಮನೆ ಬಾಗಿಲಿಗೂ ತಾವಾಗಿಯೇ ಬರುವುದಿಲ್ಲ.

ಸೇವೆಯಲ್ಲಿರುವಷ್ಟು ಕಾಲ ಸೈನಿಕನ ಊಟ, ವಸತಿ, ಚಿಕಿತ್ಸೆ, ಸಂಬಳ ಎಲ್ಲವನ್ನೂ ಆತನ ಘಟಕವೇ ನೋಡಿಕೊಳ್ಳುತ್ತದೆ. ನಿವೃತ್ತಿಯ ಮರುದಿನದಿಂದ ಈ ಹೊಣೆಗಳು ಬೇರೆ ಬೇರೆ ಕಚೇರಿಗಳಿಗೆ ಹಂಚಿಹೋಗುತ್ತವೆ. ಬಹುತೇಕ ಜವಾನರು ನಲವತ್ತರ ಆಸುಪಾಸಿನಲ್ಲೇ ಸಮವಸ್ತ್ರ ಕಳಚಿ ಊರಿಗೆ ಮರಳುತ್ತಾರೆ. ಮುಂದೆ ಆತ ತೀರಿಕೊಂಡಾಗ ಅರ್ಜಿದಾರಳಾಗಬೇಕಾದವಳು ಪತ್ನಿ. ಯಾವ ಕಾಗದ ಎಲ್ಲಿದೆ, ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಆಕೆಗೆ ತಿಳಿಸಬೇಕಾದವನೇ ಆಗ ಇರುವುದಿಲ್ಲ. ಆದ್ದರಿಂದ ಈ ವ್ಯವಸ್ಥೆಯ ಪರಿಚಯ ಮನೆಯವರಿಗೆಲ್ಲ ಮುಂಚೆಯೇ ಇರುವುದು ಒಳಿತು.

ಮೂರು ಮುಖ್ಯ ಬಾಗಿಲುಗಳು

ಮೊದಲನೆಯದು ದಾಖಲೆ ಕಚೇರಿ, ಅಂದರೆ ಸೈನಿಕರು ‘ರೆಕಾರ್ಡ್ಸ್’ ಎಂದು ಕರೆಯುವ ಕಚೇರಿ. ಸೈನಿಕನ ಸೇವಾವಧಿ, ಹುದ್ದೆ, ಪತ್ನಿ ಮತ್ತು ಮಕ್ಕಳ ಹೆಸರು, ಜನ್ಮದಿನಾಂಕಗಳು ಇಲ್ಲಿರುತ್ತವೆ. ಈ ಕಚೇರಿ ಯಾವುದೆಂಬುದು ಆತನ ಊರನ್ನು ಅವಲಂಬಿಸಿಲ್ಲ. ಆತ ಸೇವೆ ಸಲ್ಲಿಸಿದ ರೆಜಿಮೆಂಟ್ ಅಥವಾ ದಳವನ್ನು ಅವಲಂಬಿಸಿದೆ. ಮರಾಠಾ ಲಘು ಪದಾತಿದಳದವರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರಿಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್‌ನವರಿಗೆ ನೀಲಗಿರಿಯ ವೆಲ್ಲಿಂಗ್ಟನ್, ಫಿರಂಗಿ ದಳದವರಿಗೆ ನಾಸಿಕ, ಇಎಂಇ ದಳದವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ನವರಿಗೆ ಜಬಲ್ಪುರ. ನೌಕಾಪಡೆಯ ನಾವಿಕರ ದಾಖಲೆಗಳು ಮುಂಬೈಯಲ್ಲೂ, ವಾಯುಪಡೆಯ ನಿವೃತ್ತರ ವ್ಯವಹಾರಗಳು ದೆಹಲಿಯಲ್ಲೂ ಇವೆ. ಕೊಡಗಿನ ಒಂದೇ ಓಣಿಯ ಇಬ್ಬರು ಮಾಜಿ ಸೈನಿಕರು ಎರಡು ಬೇರೆ ರಾಜ್ಯಗಳ ಕಚೇರಿಗಳಿಗೆ ಪತ್ರ ಬರೆಯಬೇಕಾಗುವುದು ಇದರಿಂದಲೇ.

ಎರಡನೆಯದು ಪಿಂಚಣಿ ವ್ಯವಸ್ಥೆ. ಹಿಂದೆ ಬ್ಯಾಂಕುಗಳು ಲೆಕ್ಕ ಹಾಕಿ ನೀಡುತ್ತಿದ್ದ ರಕ್ಷಣಾ ಪಿಂಚಣಿಯು ಈಗ ‘ಸ್ಪರ್ಶ್’ ಎಂಬ ಕೇಂದ್ರೀಕೃತ ವ್ಯವಸ್ಥೆಯ ಮೂಲಕ ನೇರವಾಗಿ ಖಾತೆಗೆ ಜಮೆಯಾಗುತ್ತದೆ. ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರಗಳ ಪ್ರಧಾನ ನಿಯಂತ್ರಕರ ಪಿಂಚಣಿ ಕಚೇರಿ ಇದರ ಹೊಣೆ ಹೊತ್ತಿದೆ.

ಮೂರನೆಯದು ಕಲ್ಯಾಣ ಕಾರ್ಯಗಳ ಕಚೇರಿ. ಕೇಂದ್ರದಲ್ಲಿ ರಕ್ಷಣಾ ಸಚಿವಾಲಯದಡಿ 2004ರಲ್ಲಿ ರಚನೆಯಾದ ಮಾಜಿ ಸೈನಿಕರ ಕಲ್ಯಾಣ ಇಲಾಖೆಯಿದ್ದು, ಕೇಂದ್ರೀಯ ಸೈನಿಕ ಮಂಡಳಿ ಅದರಡಿ ಕೆಲಸ ಮಾಡುತ್ತದೆ. ಕರ್ನಾಟಕದಲ್ಲಿ ಈ ಹೊಣೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯದು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದು, ಮೈಸೂರು, ಮಡಿಕೇರಿ, ಮಂಗಳೂರು, ಹಾಸನ, ಬೆಳಗಾವಿ ಮೊದಲಾದೆಡೆ ಜಿಲ್ಲಾ ಕಚೇರಿಗಳಿವೆ. ಎಲ್ಲ ಜಿಲ್ಲೆಗಳಲ್ಲೂ ಪ್ರತ್ಯೇಕ ಕಚೇರಿ ಇಲ್ಲ. ಕೆಲವು ಜಿಲ್ಲೆಗಳು ನೆರೆಯ ಜಿಲ್ಲೆಯ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಮಾಜಿ ಸೈನಿಕರ ಹಾಗೂ ಅವರ ವಿಧವೆಯರ ಗುರುತಿನ ಚೀಟಿ ದೊರೆಯುವುದು ಇಲ್ಲಿಯೇ. ನಗರಕ್ಕೆ ಬಂದು ನೆಲೆಸಿದ ಅನೇಕರು ಕ್ಯಾಂಟೀನ್ ಕಾರ್ಡ್ ಮಾಡಿಸಿಕೊಂಡು ಅಷ್ಟಕ್ಕೇ ಸುಮ್ಮನಾಗುವುದುಂಟು. ಆದರೆ ಜಿಲ್ಲಾ ಕಚೇರಿಯಲ್ಲಿ ಹೆಸರು ನೋಂದಾಯಿಸದಿದ್ದರೆ ಕಲ್ಯಾಣ ಯೋಜನೆಗಳ ಅರ್ಜಿ ಮುಂದೆ ಸಾಗುವುದಿಲ್ಲ.

ಪಿಂಚಣಿ

ಅಧಿಕಾರಿ ದರ್ಜೆಗಿಂತ ಕೆಳಗಿನವರು ಸೇವಾ ಪಿಂಚಣಿ ಪಡೆಯಲು 15 ವರ್ಷ, ಅಧಿಕಾರಿಗಳು 20 ವರ್ಷ ಅರ್ಹ ಸೇವೆ ಸಲ್ಲಿಸಿರಬೇಕು. ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ ಆದೇಶ 2015ರ ನವೆಂಬರ್ 7ರಂದು ಹೊರಬಿದ್ದು, 2014ರ ಜುಲೈ 1ರಿಂದ ಪೂರ್ವಾನ್ವಯವಾಯಿತು. ಒಂದೇ ಹುದ್ದೆಯಲ್ಲಿ ಒಂದೇ ಅವಧಿಯ ಸೇವೆ ಸಲ್ಲಿಸಿದವರಿಗೆ, ನಿವೃತ್ತಿಯ ದಿನಾಂಕ ಯಾವುದೇ ಇರಲಿ, ಸಮಾನ ಪಿಂಚಣಿ ದೊರೆಯಬೇಕೆಂಬುದು ಇದರ ಆಶಯ. 5 ವರ್ಷಗಳಿಗೊಮ್ಮೆ ಮರುನಿಗದಿಯಾಗುವ ನಿಯಮದಂತೆ 2019ರ ಜುಲೈ 1 ಹಾಗೂ 2024ರ ಜುಲೈ 1ರಿಂದ ಅನ್ವಯವಾಗುವಂತೆ ದರಗಳು ಪರಿಷ್ಕೃತಗೊಂಡಿವೆ.

ಪಿಂಚಣಿದಾರರು ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ನೀಡುವುದು ಕಡ್ಡಾಯ. ಆಧಾರ್ ಆಧಾರಿತ ‘ಜೀವನ್ ಪ್ರಮಾಣ್’ ವ್ಯವಸ್ಥೆಯ ಮೂಲಕ ಮೊಬೈಲ್‌ನಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಇದನ್ನು ಸಲ್ಲಿಸಬಹುದು. ಇದು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಮಕ್ಕಳು ದೂರದ ಊರುಗಳಲ್ಲಿದ್ದು ತಂದೆತಾಯಿ ಮಾತ್ರ ಮನೆಯಲ್ಲಿರುವ ಕುಟುಂಬಗಳು ಈ ದಿನಾಂಕವನ್ನು ಗುರುತು ಹಾಕಿಟ್ಟುಕೊಳ್ಳಬೇಕು.

ಹಲವರ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ. 80 ವರ್ಷ ತುಂಬಿದ ಪಿಂಚಣಿದಾರರಿಗೆ ಮೂಲ ಪಿಂಚಣಿಯ ಶೇ 20ರಷ್ಟು ಹೆಚ್ಚುವರಿ ಮೊತ್ತ ಸಲ್ಲಬೇಕು. ಇದು 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50 ಹಾಗೂ 100ಕ್ಕೆ ಶೇ 100 ಆಗುತ್ತದೆ. ಕುಟುಂಬ ಪಿಂಚಣಿ ಪಡೆಯುವ ವಿಧವೆಯರಿಗೂ ಇದು ಅನ್ವಯ. ಆದರೆ ಹಳೆಯ ದಾಖಲೆಗಳಲ್ಲಿ ಪತ್ನಿಯ ಜನ್ಮದಿನಾಂಕ ನಮೂದಾಗಿರದಿದ್ದರೆ ಆಕೆಗೆ 80 ತುಂಬಿತೆಂಬುದು ವ್ಯವಸ್ಥೆಗೆ ತಿಳಿಯುವುದೇ ಇಲ್ಲ.

ಚಿಕಿತ್ಸೆ

ಮಾಜಿ ಸೈನಿಕರ ಅಂಶದಾಯಿ ಆರೋಗ್ಯ ಯೋಜನೆ (ಇಸಿಎಚ್‌ಎಸ್) 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ಒಮ್ಮೆ ಮಾತ್ರ ವಂತಿಗೆ ಕಟ್ಟಿದರೆ ಪಿಂಚಣಿದಾರರಿಗೂ ಅವರನ್ನು ಅವಲಂಬಿಸಿದವರಿಗೂ ಜೀವನಪರ್ಯಂತ ಚಿಕಿತ್ಸೆ ದೊರೆಯುತ್ತದೆ. 1996ರ ಜನವರಿ 1ಕ್ಕಿಂತ ಮೊದಲು ನಿವೃತ್ತರಾದವರಿಗೆ ಹಾಗೂ ಯುದ್ಧ ವಿಧವೆಯರಿಗೆ ವಂತಿಗೆಯಿಂದ ವಿನಾಯಿತಿ ಇದೆ. ಪಿಂಚಣಿಯಿಲ್ಲದ ಎರಡನೇ ಮಹಾಯುದ್ಧದ ಯೋಧರು, ತುರ್ತು ನೇಮಕಾತಿಯ ಹಾಗೂ ಅಲ್ಪಾವಧಿ ಸೇವೆಯ ಅಧಿಕಾರಿಗಳು ಮತ್ತು ಅವಧಿಪೂರ್ವ ನಿವೃತ್ತರಿಗೂ ಯೋಜನೆಯನ್ನು ವಿಸ್ತರಿಸಲು 2019ರಲ್ಲಿ ಅನುಮೋದನೆ ದೊರೆಯಿತು.

ಸದಸ್ಯರು ಮೊದಲು ತಮ್ಮ ಪಾಲಿಕ್ಲಿನಿಕ್‌ಗೆ ಹೋಗಬೇಕು; ಅಗತ್ಯವಿದ್ದರೆ ಅಲ್ಲಿಂದ ನೋಂದಾಯಿತ ಆಸ್ಪತ್ರೆಗೆ ಶಿಫಾರಸು ಪತ್ರ ಸಿಗುತ್ತದೆ. ತುರ್ತು ಸಂದರ್ಭದಲ್ಲಿ ಈ ಕ್ರಮ ಪಾಲಿಸಬೇಕಿಲ್ಲ. ನೋಂದಾಯಿತ ಆಸ್ಪತ್ರೆಯಾದರೆ ಕಾರ್ಡ್ ತೋರಿಸಿ ನೇರವಾಗಿ ದಾಖಲಾಗಬಹುದು. ನೋಂದಾಯಿತವಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಗಳೊಳಗೆ ಸಮೀಪದ ಪಾಲಿಕ್ಲಿನಿಕ್‌ಗೆ ತಿಳಿಸಿ, ಬಿಲ್ ಪಾವತಿಸಿ, ಅನಂತರ ಮರುಪಾವತಿ ಕೋರಬೇಕು. ಗಡಿಬಿಡಿಯಲ್ಲಿ ಮರೆತುಹೋಗುವ ಈ ಒಂದು ಮಾಹಿತಿಯೇ ಮುಂದೆ ಮರುಪಾವತಿಗೆ ಆಧಾರವಾಗುತ್ತದೆ. ಹತ್ತಿರದ ಪಾಲಿಕ್ಲಿನಿಕ್‌ನ ದೂರವಾಣಿ ಸಂಖ್ಯೆಯನ್ನು ಮನೆಯ ಎಲ್ಲರ ಮೊಬೈಲ್‌ನಲ್ಲೂ ಇರಿಸಿಕೊಳ್ಳುವುದು ಕ್ಷೇಮ.

ಪಿಂಚಣಿ ಇಲ್ಲದವರಿಗೆ

ಅತಿ ಹೆಚ್ಚು ಕಡೆಗಣನೆಗೆ ಗುರಿಯಾಗುವವರು ಇವರೇ. ಕೆಲವೇ ವರ್ಷ ಸೇವೆ ಸಲ್ಲಿಸಿ ಬಿಡುಗಡೆ ಹೊಂದಿ, 15 ವರ್ಷ ತುಂಬದೆ ಪಿಂಚಣಿ ವಂಚಿತರಾದವರು ತಮಗೆ ಏನೂ ಇಲ್ಲವೆಂದೇ ಭಾವಿಸಿರುತ್ತಾರೆ. ಆದರೆ ಹವಾಲ್ದಾರ್ ಅಥವಾ ತತ್ಸಮಾನ ಹುದ್ದೆಯವರೆಗಿನ, 65 ವರ್ಷ ದಾಟಿದ ಪಿಂಚಣಿರಹಿತ ಮಾಜಿ ಸೈನಿಕರು ಹಾಗೂ ಅಂಥವರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿಯಿಂದ ಮಾಸಿಕ ನೆರವು ಲಭ್ಯವಿದೆ. ತಿಂಗಳಿಗೆ 4,000 ರೂಪಾಯಿ ಇದ್ದ ಈ ಮೊತ್ತವನ್ನು 2025ರ ಅಕ್ಟೋಬರ್‌ನಲ್ಲಿ 8,000 ರೂಪಾಯಿಗೆ ಏರಿಸಲಾಯಿತು.

ಇದೇ ಆದೇಶದಲ್ಲಿ ಇಬ್ಬರು ಮಕ್ಕಳವರೆಗಿನ ಶಿಕ್ಷಣ ನೆರವು ತಿಂಗಳಿಗೆ ತಲಾ 1,000ದಿಂದ 2,000 ರೂಪಾಯಿಗೂ, ಇಬ್ಬರು ಹೆಣ್ಣುಮಕ್ಕಳವರೆಗಿನ ಮದುವೆ ಹಾಗೂ ವಿಧವಾ ಮರುವಿವಾಹದ ಅನುದಾನ 50,000ದಿಂದ 1 ಲಕ್ಷ ರೂಪಾಯಿಗೂ ಹೆಚ್ಚಿತು. 2025ರ ನವೆಂಬರ್ 1ರಿಂದ ಸಲ್ಲಿಕೆಯಾದ ಅರ್ಜಿಗಳಿಗೆ ಹೊಸ ದರ ಅನ್ವಯ. ಮದುವೆ ಅನುದಾನದ ಅರ್ಜಿಯನ್ನು ಮದುವೆಯಾದ 180 ದಿನಗಳೊಳಗೆ ಸಲ್ಲಿಸಬೇಕು. ಗಂಭೀರ ಕಾಯಿಲೆಗಳಿಂದ ಬಳಲುವ ಪಿಂಚಣಿರಹಿತರ ಚಿಕಿತ್ಸೆಗೂ ಪ್ರತ್ಯೇಕ ನೆರವಿದೆ. ಎಲ್ಲ ಅರ್ಜಿಗಳೂ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕವೇ ಸಾಗಬೇಕು.

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ 4 ವರ್ಷ ಸೇವೆ ಮುಗಿಸಿ ಹೊರಬರುವ ಅಗ್ನಿವೀರರಿಗೆ ಯೋಜನೆಯ ನಿಯಮಗಳಂತೆ ಪಿಂಚಣಿಯಾಗಲಿ, ಮಾಜಿ ಸೈನಿಕರ ಸ್ಥಾನಮಾನವಾಗಲಿ, ಇಸಿಎಚ್‌ಎಸ್ ಸೌಲಭ್ಯವಾಗಲಿ ಇಲ್ಲ. ಅವರಿಗೆ ದೊರೆಯುವುದು ‘ಸೇವಾ ನಿಧಿ’ ಎಂಬ ಇಡಿಗಂಟು. ಸೇನೆ ಸೇರಲು ಬಯಸುವ ಯುವಕರು ಈ ವ್ಯತ್ಯಾಸವನ್ನು ಅರಿತಿರಬೇಕು.

ಮಕ್ಕಳ ಓದು, ಉದ್ಯೋಗ

ಮಾಜಿ ಸೈನಿಕರ ಮಕ್ಕಳಿಗೂ ವಿಧವೆಯರಿಗೂ ವೃತ್ತಿಪರ ಪದವಿ ಶಿಕ್ಷಣಕ್ಕಾಗಿ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಯೋಜನೆಯಿದೆ. 2019ರ ಪರಿಷ್ಕರಣೆಯಂತೆ ವಿದ್ಯಾರ್ಥಿಗಳಿಗೆ ತಿಂಗಳಿಗೆ 2,500 ರೂಪಾಯಿ, ವಿದ್ಯಾರ್ಥಿನಿಯರಿಗೆ 3,000 ರೂಪಾಯಿ ದೊರೆಯುತ್ತದೆ. ಅರ್ಜಿಗೆ ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ 60 ಅಂಕ ಬೇಕು. ರಾಜ್ಯದ ಸಿಇಟಿಯಲ್ಲಿಯೂ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗವಿದೆ. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪ್ರವೇಶದ ದಟ್ಟಣೆಯ ತಿಂಗಳುಗಳಿಗೆ ಮೊದಲೇ ಪಡೆದಿಟ್ಟುಕೊಳ್ಳುವುದು ಜಾಣತನ.

ಉದ್ಯೋಗದ ವಿಷಯದಲ್ಲಿ, ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಾತಿ ಇದೆ. ಕೇಂದ್ರದ ‘ಸಿ’ ದರ್ಜೆ ಹುದ್ದೆಗಳಲ್ಲಿಯೂ ಶೇ 10 ಇದ್ದರೆ, ಸಾರ್ವಜನಿಕ ವಲಯದ ಉದ್ಯಮಗಳು ಮತ್ತು ಬ್ಯಾಂಕುಗಳಲ್ಲಿ ‘ಸಿ’ ದರ್ಜೆಗೆ ಶೇ 14.5, ‘ಡಿ’ ದರ್ಜೆಗೆ ಶೇ 24.5 ನಿಗದಿಯಾಗಿದೆ. ಕೇಂದ್ರದ ಈ ಹುದ್ದೆಗಳಿಗೆ ವಯೋಮಿತಿ ಲೆಕ್ಕ ಹಾಕುವಾಗ ಸೈನಿಕ ಸೇವೆಯ ವರ್ಷಗಳನ್ನು ಕಳೆದು, ಮತ್ತೆ 3 ವರ್ಷಗಳ ಸಡಿಲಿಕೆ ನೀಡಲಾಗುತ್ತದೆ.

ಹೆಸರಿನ ತೊಡಕು

ಕುಟುಂಬ ಪಿಂಚಣಿ ಸಾಮಾನ್ಯ ದರದಲ್ಲಿ ಕೊನೆಯ ವೇತನದ ಶೇ 30. ಸೇವೆಯ ಕಾರಣದಿಂದ ಮರಣ ಸಂಭವಿಸಿದ್ದರೆ ಶೇ 60, ಯುದ್ಧ ಅಥವಾ ತತ್ಸಮಾನ ಕಾರ್ಯಾಚರಣೆಯಲ್ಲಿ ಮಡಿದಿದ್ದರೆ ಕೊನೆಯ ವೇತನದಷ್ಟೇ ಮೊತ್ತ ಸಲ್ಲುತ್ತದೆ. ಇದು ಕೈಸೇರಬೇಕಾದರೆ ಪಿಂಚಣಿ ಪಾವತಿ ಆದೇಶದಲ್ಲಿ (ಪಿಪಿಒ) ಇರುವ ಪತ್ನಿಯ ಹೆಸರೂ ಆಕೆಯ ಆಧಾರ್, ಪ್ಯಾನ್ ಹಾಗೂ ಬ್ಯಾಂಕ್ ಖಾತೆಯ ಹೆಸರೂ ಒಂದೇ ಆಗಿರಬೇಕು.

ಕನ್ನಡನಾಡಿನ ಕುಟುಂಬಗಳಿಗೆ ಇಲ್ಲಿ ವಿಶೇಷ ತೊಡಕಿದೆ. ನಮ್ಮ ಹೆಸರಿನ ಮುಂದೆ ಊರಿನ, ತಂದೆಯ ಮೊದಲಕ್ಷರಗಳಿರುತ್ತವೆ. ಸೇನೆಯ ದಾಖಲೆಯಲ್ಲಿ ಅವು ಬಿಟ್ಟುಹೋಗಿರಬಹುದು ಇಲ್ಲವೆ ವಿಸ್ತಾರಗೊಂಡಿರಬಹುದು. ದಾಖಲೆಯ ‘ಲಕ್ಷ್ಮಮ್ಮ’ ಆಧಾರ್‌ನಲ್ಲಿ ‘ಲಕ್ಷ್ಮೀದೇವಿ’ ಆಗಿರುವುದು, ಮದುವೆಯ ನಂತರ ಹೆಸರು ಬದಲಾಗಿರುವುದು ಸಾಮಾನ್ಯ. ಪತಿ ಬದುಕಿರುವಾಗ ಆತನ ಸಹಿ ಇರುವ ಅರ್ಜಿ ಹಾಗೂ ಪೂರಕ ದಾಖಲೆಗಳಿಂದ ದಾಖಲೆ ಕಚೇರಿಯ ಮೂಲಕ ಇದನ್ನು ಸರಿಪಡಿಸಬಹುದು. ಆತನ ಮರಣಾನಂತರ ‘ಇಬ್ಬರೂ ಒಬ್ಬರೇ’ ಎಂದು ಸಾಬೀತುಪಡಿಸುವ ಹೊಣೆ ವಿಧವೆಯ ಮೇಲೆ ಬೀಳುತ್ತದೆ. ದುಡಿಯಲಾಗದಷ್ಟು ಅಂಗವೈಕಲ್ಯವುಳ್ಳ ಮಕ್ಕಳಿಗೆ ಜೀವನಪರ್ಯಂತ ಕುಟುಂಬ ಪಿಂಚಣಿ ಪಡೆಯುವ ಹಕ್ಕಿದೆ. ಅವರ ವಿವರವನ್ನೂ ತಂದೆತಾಯಿ ಇರುವಾಗಲೇ ದಾಖಲಿಸಿಡಬೇಕು.

ಅರ್ಜಿ ತಿರಸ್ಕೃತವಾದರೆ

ತಿರಸ್ಕಾರದ ಉತ್ತರವನ್ನು ಲಿಖಿತವಾಗಿ ಪಡೆದು ಇಟ್ಟುಕೊಳ್ಳಬೇಕು. ಪಿಂಚಣಿ ಅದಾಲತ್‌ಗಳಲ್ಲಿ ಹಾಗೂ ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣದಲ್ಲಿ ದೂರು ಸಲ್ಲಿಸಲು ಅವಕಾಶವಿದೆ. ಅಲ್ಲಿಯೂ ಪರಿಹಾರ ಸಿಗದಿದ್ದರೆ 2007ರ ಕಾಯ್ದೆಯಡಿ ರಚನೆಯಾಗಿ 2009ರಿಂದ ಕಾರ್ಯನಿರತವಾಗಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದು. ಅಂತಿಮ ಆದೇಶದ ದಿನದಿಂದ ಸಾಮಾನ್ಯವಾಗಿ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕಾದ್ದರಿಂದ ವಿಳಂಬ ಸಲ್ಲದು. ಸೈನಿಕರು, ಮಾಜಿ ಸೈನಿಕರು ಮತ್ತವರ ಕುಟುಂಬಗಳಿಗೆ ಉಚಿತ ಕಾನೂನು ನೆರವು ಒದಗಿಸಲು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿನದಂದೇ, ‘ವೀರ್ ಪರಿವಾರ್ ಸಹಾಯತಾ ಯೋಜನೆ’ಗೆ ಚಾಲನೆ ನೀಡಿತು.

ಮನೆಯಲ್ಲೋ ನೆರೆಯಲ್ಲೋ ಮಾಜಿ ಸೈನಿಕರಿದ್ದರೆ ನಗರವಾಸಿ ಓದುಗರು ಮಾಡಬಹುದಾದ ಉಪಕಾರ ದೊಡ್ಡದೇನಲ್ಲ. ಡಿಸ್ಚಾರ್ಜ್ ಬುಕ್, ಪಿಪಿಒ, ಗುರುತಿನ ಚೀಟಿ, ಇಸಿಎಚ್‌ಎಸ್ ಕಾರ್ಡ್, ಆಧಾರ್ ಮತ್ತು ಪಾಸ್‌ಬುಕ್‌ಗಳನ್ನು ಒಂದೆಡೆ ಇರಿಸಿ, ಪತಿ–ಪತ್ನಿಯರ ಹೆಸರು ಹಾಗೂ ಜನ್ಮದಿನಾಂಕಗಳನ್ನು ತಾಳೆ ನೋಡಲು ಅರ್ಧ ದಿನ ಸಾಕು. ವ್ಯತ್ಯಾಸ ಕಂಡುಬಂದರೆ ಸಮೀಪದ ಸೈನಿಕ ಕಲ್ಯಾಣ ಕಚೇರಿಗೆ ಅವರನ್ನು ಕರೆದೊಯ್ಯಿರಿ; ಜೊತೆಯಲ್ಲಿ ಪತ್ನಿಯೂ ಇರಲಿ.