ಯಂಗ್ ಸ್ಟ್ರೀಟ್ ಕತೆಗಳು – ಭಾಗ 6: ಕಾಟಕಾಯಿ ಊರಿನವಳು ರಾಜನಿಗೆ ಪ್ರಮಾಣ ಮಾಡಿದ್ದು

ಎರಡು ವಾರ ರಾತ್ರಿ ಪಾಳಿ ಇತ್ತು, ಹಾಗಾಗಿ ಈ ಭಾಗ ತಡವಾಯಿತು. ಇವತ್ತಿನದು ಸ್ವಲ್ಪ ಉದ್ದ. ಚಹಾ ಇಟ್ಟುಕೊಂಡು ಓದಿ.

ನಾನು ಕೆನಡಾದ ಪೌರತ್ವ ತೆಗೆದುಕೊಂಡ ದಿನ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಶುಭಾಶಯ ಹಾಕಿದರು. ದೊಡ್ಡಪ್ಪ ಮಾತ್ರ ಫೋನೇ ಮಾಡಿದರು. "ಅಲ್ಲ ಮಗಳೇ, ಬೆಳ್ಳಾರೆಯಲ್ಲಿ ಹುಟ್ಟಿದವಳು ನೀನು. ಕಾಟಕಾಯಿ ಎದ್ದ ಊರು. ಆ ಇಂಗ್ಲಿಷ್ ರಾಜನಿಗೆ ನಿಷ್ಠೆ ಅಂತ ಕೈ ಎತ್ತಿ ಹೇಳಿದೆಯಾ?" ಹೇಳಿದ್ದು ಹೌದು. ಇಲ್ಲಿನ ಪ್ರಮಾಣದಲ್ಲಿ ಮೂರನೆಯ ಚಾರ್ಲ್ಸ್ ರಾಜ, ಅವರ ವಾರಸುದಾರರು ಎಲ್ಲ ಬರುತ್ತಾರೆ. ಝೂಮ್‌ನಲ್ಲಿ ನಡೆದ ಸಮಾರಂಭ ಅದು. ಮೇಲೆ ಒಳ್ಳೆಯ ಕುರ್ತಾ, ಕೆಳಗೆ ರಾತ್ರಿ ಪ್ಯಾಂಟು. ಹಳೆಯ ಪಿಆರ್ ಕಾರ್ಡನ್ನು ಕ್ಯಾಮೆರಾದ ಎದುರೇ ಕತ್ತರಿಸಲು ಹೇಳಿದರು, ಕತ್ತರಿಸಿದೆ. ನಗು ಬರುವ ಹಾಗೆ ಇತ್ತು. ದೊಡ್ಡಪ್ಪನ ಫೋನು ಇಟ್ಟ ಮೇಲೆ ನಗು ಬರಲಿಲ್ಲ.

ನಮ್ಮ ಊರಿನ ಮಕ್ಕಳಿಗೂ ಈಗ ಈ ಕತೆ ಸರಿಯಾಗಿ ಗೊತ್ತಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇನೆ. 1834ರಲ್ಲಿ ಕಂಪನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರಿನ ಕಡೆಯ ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಗದ್ದೆಯವರು ಕಂದಾಯವನ್ನು ಭತ್ತದಲ್ಲೋ ಬೆಳೆದದ್ದರಲ್ಲೋ ಕೊಡಬಹುದಿತ್ತು. ಈಗ ರೊಕ್ಕವೇ ಬೇಕು ಎಂದಾಯಿತು. ಸುಗ್ಗಿಯ ಸಮಯಕ್ಕೆ ಕೈಯಲ್ಲಿ ಭತ್ತ ಉಂಟು, ದುಡ್ಡು ಇಲ್ಲ. ವ್ಯಾಪಾರಿ ಕೇಳಿದ ಬೆಲೆಗೆ ಮಾರಬೇಕು. ಮೇಲಿನಿಂದ ಉಪ್ಪು, ಹೊಗೆಸೊಪ್ಪಿನ ತೆರಿಗೆ. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮುಂತಾದವರು ಎದ್ದರು. ಪುಟ್ಟಬಸಪ್ಪ ಎಂಬವರನ್ನು ರಾಜವಂಶದ ಕಲ್ಯಾಣಸ್ವಾಮಿ ಎಂದು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ಹಿಡಿದು ಮಂಗಳೂರಿಗೆ ನಡೆದರು. ಏಪ್ರಿಲ್ 5ರಂದು ಬಾವುಟಗುಡ್ಡೆಯಲ್ಲಿ ಕಂಪನಿಯ ಧ್ವಜ ಇಳಿಯಿತು. ಸುಮಾರು 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಮತ್ತೆ ಕಣ್ಣೂರು ಕಡೆಯಿಂದ ಸೈನ್ಯ ಬಂತು, ಮುಗಿಯಿತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸರನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೆ ಹಾಕಿದರು, ಅಪ್ಪಯ್ಯ ಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ.

ನರ್ಸಿಂಗ್ ಓದುವಾಗ ಬಿಕರ್ನಕಟ್ಟೆಯ ಮೇಲೆ ನಾಲ್ಕು ವರ್ಷ ಬಸ್ಸಿನಲ್ಲಿ ಹೋಗಿದ್ದೇನೆ. ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ. ಪಾಠ ಬಾಯಿಪಾಠ ಮಾಡುವುದೇ ಆಯಿತು.

ಈಗ ಇಲ್ಲಿಗೆ ಬನ್ನಿ. ನಾನು ದಿನಾ ರಿಚ್ಮಂಡ್ ಹಿಲ್‌ನಲ್ಲಿ ನೀಲಿ ವೀವಾ ಬಸ್ಸು ಹತ್ತಿ ಯಂಗ್ ಸ್ಟ್ರೀಟ್‌ನಲ್ಲೇ ನೇರ ದಕ್ಷಿಣಕ್ಕೆ ಫಿಂಚ್‌ವರೆಗೆ ಹೋಗುತ್ತೇನೆ, ಅಲ್ಲಿಂದ ಸಬ್‌ವೇ. ಎಗ್ಲಿಂಟನ್ ನಿಲ್ದಾಣದಲ್ಲಿ ಒಂದು ಸಲ ಮೇಲೆ ಬಂದು ಕಾಫಿಗೆ ಜಾಗ ಹುಡುಕುವಾಗ ಒಂದು ಫಲಕ ಕಂಡಿತು: ಮಾಂಟ್ಗೊಮೆರಿಯ ಹೋಟೆಲು ಇದ್ದ ಜಾಗ, 1837ರ ದಂಗೆ. ಇಸವಿ ನೋಡಿ ನಿಂತೇಬಿಟ್ಟೆ.

ಆಗ ಒಂಟಾರಿಯೊಗೆ ಅಪ್ಪರ್ ಕೆನಡಾ ಎಂದು ಹೆಸರು. ಗವರ್ನರ್ ಲಂಡನ್ನಿನಿಂದ ಬರುತ್ತಿದ್ದ. ಭೂಮಿ, ಹುದ್ದೆ, ಬ್ಯಾಂಕು ಎಲ್ಲ ಕೆಲವೇ ಮನೆತನದವರ ಹಿಡಿತದಲ್ಲಿತ್ತು; ಅವರಿಗೆ ಜನ ಇಟ್ಟ ಹೆಸರು 'ಫ್ಯಾಮಿಲಿ ಕಾಂಪ್ಯಾಕ್ಟ್'. ಚುನಾಯಿತ ಸಭೆ ಇತ್ತು, ಆದರೆ ಅದರ ಮಾತು ನಡೆಯುತ್ತಿರಲಿಲ್ಲ. ಪತ್ರಿಕೆ ನಡೆಸುತ್ತಿದ್ದ ವಿಲಿಯಂ ಲಯನ್ ಮೆಕೆಂಝಿ ಇದನ್ನೆಲ್ಲ ಬರೆದದ್ದಕ್ಕೆ 1826ರಲ್ಲಿ ಆ ಮನೆತನಗಳ ಹುಡುಗರು ಅವನ ಅಚ್ಚಿನ ಮೊಳೆಗಳನ್ನು ಕೊಂಡುಹೋಗಿ ಸರೋವರಕ್ಕೆ ಎಸೆದರು. ಸಭೆಗೆ ಗೆದ್ದು ಬಂದರೆ ಹೊರಗೆ ಹಾಕುತ್ತಿದ್ದರು, ಜನ ಮತ್ತೆ ಗೆಲ್ಲಿಸುತ್ತಿದ್ದರು. 1834ರಲ್ಲಿ ಅವನೇ ಟೊರಾಂಟೊದ ಮೊದಲ ಮೇಯರ್. ನಮ್ಮ ಕೊಡಗು ಹೋದ ವರ್ಷವೇ.

1837ರ ಡಿಸೆಂಬರ್ 4ರ ರಾತ್ರಿ ಅವನ ಜನ ಆ ಹೋಟೆಲಿನಲ್ಲಿ ಸೇರಿದ್ದರು. ಅದನ್ನು ತಿಳಿದು ಗವರ್ನರನಿಗೆ ಸುದ್ದಿ ಮುಟ್ಟಿಸಲು ಕುದುರೆ ಏರಿ ಹೊರಟವರು ನಮ್ಮ ರಿಚ್ಮಂಡ್ ಹಿಲ್‌ನ ನಿವೃತ್ತ ಕರ್ನಲ್ ರಾಬರ್ಟ್ ಮೂಡಿ. ನನ್ನ ಬಸ್ಸಿನ ದಾರಿಯಲ್ಲೇ ಹೋದದ್ದು ಅವರು. ಹೋಟೆಲಿನ ಹತ್ತಿರ ದಾರಿ ಅಡ್ಡ ಹಾಕಿದ್ದರು. ಇವರು ಪಿಸ್ತೂಲು ಹಾರಿಸಿದರು, ಆ ಕಡೆಯಿಂದ ಗುಂಡು ತಗುಲಿತು. ಅದೇ ಹೋಟೆಲಿನೊಳಗೆ ತಂದು ಮಲಗಿಸಿದರು, ಅಲ್ಲೇ ತೀರಿಕೊಂಡರು. ಗುಂಡು ತಗುಲಿದವರನ್ನು ನಾನು ಡ್ಯೂಟಿಯಲ್ಲಿ ನೋಡಿದ್ದೇನೆ. ಹೊಡೆದವರೇ ಸುತ್ತ ನಿಂತು ನೀರು ಕೊಡುವ ಆ ಕೋಣೆ ಹೇಗಿತ್ತೋ ಎಂದು ಫಿಂಚ್ ಬರುವವರೆಗೂ ಯೋಚಿಸುತ್ತೇನೆ.

ಮೂರು ದಿನದ ಮೇಲೆ ಸರಕಾರದ ಸೈನ್ಯ ಫಿರಂಗಿ ತಂದಿತು. ಅರ್ಧ ಗಂಟೆಯೂ ನಿಲ್ಲಲಿಲ್ಲ ದಂಗೆ. ಮೆಕೆಂಝಿ ಅಮೆರಿಕಕ್ಕೆ ಓಡಿದ. ಕಮ್ಮಾರ ಸ್ಯಾಮ್ಯುಯೆಲ್ ಲೌಂಟ್, ರೈತ ಪೀಟರ್ ಮ್ಯಾಥ್ಯೂಸ್ ಇಬ್ಬರನ್ನು 1838ರ ಏಪ್ರಿಲ್ 12ರಂದು ಗಲ್ಲಿಗೇರಿಸಿದರು. ಬಿಡಿ ಎಂದು ಸಾವಿರಾರು ಜನ ಅರ್ಜಿಗೆ ಸಹಿ ಹಾಕಿದ್ದರು, ಆದರೂ.

ಇಲ್ಲಿಯವರೆಗೆ ಎರಡೂ ಕಡೆ ಒಂದೇ ಕತೆ. ನಂತರ ದಾರಿ ಬೇರೆ. ಇಲ್ಲಿ ಏನಾಯಿತೆಂದು ನೋಡಲು ಲಂಡನ್ ಲಾರ್ಡ್ ಡರ್ಹಮ್‌ನನ್ನು ಕಳಿಸಿತು. 1839ರಲ್ಲಿ ಅವನ ವರದಿ, 1848ಕ್ಕೆ ಚುನಾಯಿತ ಸಭೆಗೆ ಉತ್ತರ ಕೊಡುವ ಸರಕಾರ. ಮೆಕೆಂಝಿಗೆ ಕ್ಷಮೆ ಸಿಕ್ಕಿ, ತಿರುಗಿ ಬಂದು, 1851ರಲ್ಲಿ ಮತ್ತೆ ಶಾಸಕನಾದ. ನಮ್ಮ ಕಡೆಗೆ ಯಾವ ಡರ್ಹಮ್ ಬಂದ? ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಪದಕ ಬಂತು, ಅದರ ಮೇಲೆ ಕನ್ನಡ ಅಕ್ಷರ ಕೂಡ ಕೆತ್ತಿಸಿದ್ದರು. ಕಾಟಕಾಯಿ ಎಂದರೆ ಲೂಟಿ, ದಾಂಧಲೆ ಎಂಬ ಹೆಸರೇ ನಮ್ಮವರಿಗೆ ಉಳಿಯಿತು. ರಾಮಯ್ಯ ಗೌಡರ ಪ್ರತಿಮೆ ಬಾವುಟಗುಡ್ಡೆಯಲ್ಲಿ ನಿಂತದ್ದು 2022ರಲ್ಲಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ನಮ್ಮವರು ಓಟು ಕೇಳಿದ್ದಲ್ಲ, ರಾಜನನ್ನು ಕೇಳಿದ್ದು. ಮೆಕೆಂಝಿಯ ಕಡೆಯವರು ಕೇಳಿದ್ದು ಸಭೆ. ಆದರೆ ಕಂದಾಯ ಯಾರು ಗೊತ್ತುಮಾಡುವುದು, ನಮ್ಮ ಮಾತು ಯಾರು ಕೇಳುವುದು ಎಂಬ ಸಂಕಟ ಎರಡು ಕಡೆಯೂ ಒಂದೇ.

ಇನ್ನೊಂದು ಸಂಗತಿ ದೊಡ್ಡಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮೆಕೆಂಝಿಯ ಮಗಳ ಮಗ ಮೆಕೆಂಝಿ ಕಿಂಗ್. 1908ರಲ್ಲಿ ಸರಕಾರಿ ಅಧಿಕಾರಿಯಾಗಿ ಲಂಡನ್ನಿಗೆ ಹೋಗಿ, ಭಾರತೀಯರು ಕೆನಡಾಕ್ಕೆ ಬರುವುದನ್ನು ತಡೆಯುವ ಬಗ್ಗೆ ಮಾತುಕತೆ ನಡೆಸಿದವನು ಇವನೇ. ಅದೇ ವರ್ಷ ಕಾನೂನು ಬಂತು: ಹೊರಟ ದೇಶದಿಂದ ಎಲ್ಲೂ ನಿಲ್ಲದೆ ನೇರ ಬಂದವರಿಗೆ ಮಾತ್ರ ಪ್ರವೇಶ. ಬ್ರಿಟಿಷ್ ಕೊಲಂಬಿಯಾದಲ್ಲಿ 1907ರಲ್ಲೇ ಭಾರತೀಯರ ಓಟು ಕಿತ್ತುಕೊಂಡಿದ್ದರು. ಅದು ತಿರುಗಿ ಸಿಕ್ಕಿದ್ದು 1947ರಲ್ಲಿ, ಇದೇ ಕಿಂಗ್ ಪ್ರಧಾನಿಯಾಗಿದ್ದಾಗ. ಅಜ್ಜ ಸಭೆಗಾಗಿ ಬಂದೂಕು ಹಿಡಿದವನು, ಮೊಮ್ಮಗ ನಮ್ಮಂಥವರಿಗೆ ಬಾಗಿಲು ಹಾಕಿದವನು. ಹೀಗೂ ಆಗುತ್ತದೆ ಮಾರಾಯ್ರೇ.

2025ರ ಏಪ್ರಿಲ್ 28, ಸೋಮವಾರ, ನಾನು ಮೊದಲ ಸಲ ಇಲ್ಲಿ ಓಟು ಹಾಕಿದೆ. ರಾತ್ರಿ ಪಾಳಿ ಮುಗಿಸಿ ನೇರ ಹೋದೆ. ಬೆರಳಿಗೆ ಶಾಯಿ ಇಲ್ಲ, ಯಂತ್ರ ಇಲ್ಲ. ಕಾಗದ, ಪೆನ್ಸಿಲು, ಒಂದು ಗುರುತು. ಪೆನ್ಸಿಲಿನಲ್ಲಿ ಹಾಕಿದ ಓಟು ಅಳಿಸಿದರೆ ಎಂತ ಮಾಡುವುದು ಎಂದು ಹೆದರಿಕೆಯಾಗಿ ಒತ್ತಿ ಬರೆದೆ. ಯಾರಿಗೆ ಎಂದು ಕೇಳಬೇಡಿ, ಹೇಳುವುದಿಲ್ಲ.

ಸಂಜೆ ಎದ್ದು ಅಪ್ಪನಿಗೆ ಫೋನು ಮಾಡಿದೆ. ಅಪ್ಪ ರಾಜನ ವಿಷಯ ಎತ್ತಲೇ ಇಲ್ಲ. "ಹಾಗಾದರೆ ಇಲ್ಲಿನ ಲಿಸ್ಟಿನಿಂದ ನಿನ್ನ ಹೆಸರು ತೆಗೆಸಬೇಕಲ್ಲವಾ?" ಎಂದರು. ತೆಗೆಸಬೇಕು, ಭಾರತದಲ್ಲಿ ಎರಡು ಪೌರತ್ವ ಇಲ್ಲ. ಕಳೆದ ಚುನಾವಣೆಯಲ್ಲಿ ನನ್ನ ಚೀಟಿಯೂ ಮನೆಗೆ ಬಂದಿತ್ತಂತೆ, ಅಮ್ಮ ಅದನ್ನು ದೇವರ ಕೋಣೆಯ ಡಬ್ಬದಲ್ಲಿ ಇಟ್ಟಿದ್ದಾರಂತೆ. ಮುಂದಿನ ಸಲ ಬೂತಿನವರು ಬಂದಾಗ ಹೇಳುತ್ತೇನೆ ಎಂದು ಅಪ್ಪ ಒಪ್ಪಿದ್ದಾರೆ. ಚೀಟಿ ಮಾತ್ರ ಬಿಸಾಡಬೇಡಿ ಎಂದಿದ್ದೇನೆ, ಡಿಸೆಂಬರಿನಲ್ಲಿ ಬಂದಾಗ ತೆಗೆದುಕೊಂಡು ಹೋಗುತ್ತೇನೆ.