ವಿಕಿರಣ ಅಯೋಡಿನ್ ಮತ್ತು ಎಳೆಯರ ಥೈರಾಯ್ಡ್

ಅಣುಸ್ಥಾವರದ ಅಪಘಾತ ಇಲ್ಲವೆ ಅಣುಬಾಂಬ್ ಸ್ಫೋಟದಲ್ಲಿ ಹೊರಬೀಳುವ ಅಯೋಡಿನ್-131 ಮಕ್ಕಳ, ಹರೆಯದವರ ಕೊರಳ ಗ್ರಂಥಿಗೆ (ಥೈರಾಯ್ಡ್) ಮಾಡುವ ಹಾನಿ ಇಲ್ಲಿನ ವಿಷಯ. ಬಾಗಲಕೋಟೆ ಜಿಲ್ಲೆಯಲ್ಲಿ ಅಣುಸ್ಥಾವರವಿಲ್ಲ. ಕಾಳಿ ನದಿ ದಂಡೆಯ ಕೈಗಾ ಅಣುಸ್ಥಾವರ ಜಿಲ್ಲೆಯ ಬಾದಾಮಿಗೆ ನೇರ ದೂರದಲ್ಲಿ ಸುಮಾರು 180, ಇಳಕಲ್ಲಿಗೆ ಸುಮಾರು 220 ಕಿ.ಮೀ. ಆದ್ದರಿಂದ ಈ ಭಾಗದಲ್ಲಿ ಇದು ಮುಖ್ಯವಾಗಿ ನಿತ್ಯ ಬಳಸುವ ಅಯೋಡಿನ್ ಉಪ್ಪಿನ ವಿಚಾರ.

ಹಾನಿಯ ಬಗೆ: ಹಾರ್ಮೋನು ತಯಾರಿಸಲು ಥೈರಾಯ್ಡ್ ರಕ್ತದಿಂದ ಅಯೋಡಿನ್ ಹೀರುತ್ತದೆ. ಸಾಧಾರಣದ್ದು ಯಾವುದು, ವಿಕಿರಣ ಸೂಸುವುದು ಯಾವುದು ಎಂಬುದು ಅದಕ್ಕೆ ತಿಳಿಯದು. ಹುಲ್ಲಿನ ಮೇಲೆ ಬಿದ್ದ ವಿಕಿರಣ ಧೂಳು ಆಕಳ ಹಾಲಿಗಿಳಿದು ಮಗುವಿನ ಬಟ್ಟಲು ಸೇರುತ್ತದೆ. ವರ್ಷದ ಕೂಸಿನ ಗ್ರಂಥಿ 2 ಗ್ರಾಂ ಆಸುಪಾಸು, ದೊಡ್ಡವರದು 15–20 ಗ್ರಾಂ. ಹೊಕ್ಕ ಅಯೋಡಿನ್ ಅಷ್ಟೇ ಆದರೂ ಕೂಸಿಗೆ ತಾಗುವ ಪೆಟ್ಟು ಹಲವು ಪಟ್ಟು. ಅಯೋಡಿನ್-131ರ ಅರ್ಧಾಯುಷ್ಯ 8 ದಿನ. ಮೂರು ತಿಂಗಳಲ್ಲಿ ಬಹುತೇಕ ಕರಗಿಹೋಗುತ್ತದೆ, ಆದರೆ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಳ್ಳುವುದು ವರ್ಷಗಳ ಮೇಲೆ.

ಚೆರ್ನೋಬಿಲ್: 1986ರ ಏಪ್ರಿಲ್ 26ರ ಅಪಘಾತದ ನಾಲ್ಕೈದು ವರ್ಷಗಳಲ್ಲೇ ಬೆಲಾರುಸ್, ಉಕ್ರೇನಿನ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿತು. ಆಗ 18 ದಾಟದಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಮಿಕ್ಕಿ ಪ್ರಕರಣ ದಾಖಲಾದವು. ಅಷ್ಟೂ ವಿಕಿರಣದಿಂದಲೇ ಎನ್ನಲಾಗದು. ಚಿಕಿತ್ಸೆಗೆ ಬಗ್ಗುವ ರೋಗವಾದ್ದರಿಂದ ಸಾವು ಕಡಿಮೆ. ಪೋಲೆಂಡ್ ಸುಮಾರು ಒಂದು ಕೋಟಿ ಮಕ್ಕಳಿಗೆ, ವಿಕಿರಣ ಅಯೋಡಿನ್ ಗ್ರಂಥಿ ಸೇರದಂತೆ ತಡೆಯಲು ಪೊಟ್ಯಾಸಿಯಂ ಅಯೋಡೈಡ್ ಕೊಟ್ಟಿತು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮಹತ್ವದ್ದು 2005ರಲ್ಲಿ ಪ್ರಕಟವಾದ ಅಧ್ಯಯನ: ಮಣ್ಣಿನಲ್ಲಿ ಅಯೋಡಿನ್ ಕಡಿಮೆ ಇದ್ದ ಊರುಗಳ ಮಕ್ಕಳಿಗೆ ಅಪಾಯ ಸುಮಾರು 3 ಪಟ್ಟು. ಹಸಿದ ಗ್ರಂಥಿ ಸಿಕ್ಕಿದ್ದನ್ನೆಲ್ಲ ಹೀರಿತ್ತು. ಜಪಾನಿನ ಫುಕುಶಿಮಾ ಸ್ಥಾವರದ ಅಪಘಾತದ ಬಳಿಕ ನಡೆದ ತಪಾಸಣೆಯಲ್ಲಿ ಸಿಕ್ಕ ಗಂಟುಗಳಿಗೆ ಸೂಕ್ಷ್ಮ ಸ್ಕ್ಯಾನಿಂಗ್ ಮುಖ್ಯ ಕಾರಣವೆಂದು ವಿಶ್ವಸಂಸ್ಥೆಯ ತಜ್ಞ ಸಮಿತಿಯ ಅಭಿಪ್ರಾಯ.

ಮಾತ್ರೆ ಮತ್ತು ಉಪ್ಪು: ವಿಕಿರಣ ತಾಗುವ ಮುನ್ನ ಅಥವಾ ತಾಗಿದ ಕೆಲವೇ ತಾಸುಗಳಲ್ಲಿ ನುಂಗಿದರಷ್ಟೇ ಪೊಟ್ಯಾಸಿಯಂ ಅಯೋಡೈಡ್ ಮಾತ್ರೆಯಿಂದ ಪೂರ್ಣ ಫಲ. 12 ವರ್ಷ ದಾಟಿದವರ 130 ಮಿ.ಗ್ರಾಂ. ಮಾತ್ರೆಯಲ್ಲಿ 100 ಮಿ.ಗ್ರಾಂ.ನಷ್ಟು ಅಯೋಡಿನ್ ಇರುತ್ತದೆ. ಗ್ರಾಹಕರ ಕೈಸೇರುವ ಅಯೋಡಿನ್ ಉಪ್ಪಿನಲ್ಲಿ ಇರಬೇಕಾದ ಅಯೋಡಿನ್ ಕಿಲೋಗೆ ಕನಿಷ್ಠ 15 ಮಿ.ಗ್ರಾಂ.; ಅಂದರೆ ಒಂದು ಮಾತ್ರೆಗೆ ಸರಿಗಟ್ಟಲು 6.5 ಕಿಲೋ ಮೀರಿ ಉಪ್ಪು ಬೇಕು. ಉಪ್ಪು ಮಾತ್ರೆಯ ಬದಲಿಯಲ್ಲ, ಗ್ರಂಥಿಯನ್ನು ಹಸಿವಿಗೆ ಬಿಡದಂತೆ ನಿತ್ಯ ಕಾಯುವಂಥದ್ದು. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ನಡೆದ ಅಯೋಡಿನ್ ಉಪ್ಪಿನ ಪ್ರಯೋಗ ಗಳಗಂಡದ ವಿಷಯದಲ್ಲಿ ಇದನ್ನೇ ತೋರಿಸಿತು.

ಸಜ್ಜೆಯನ್ನೇ ನೆಚ್ಚಿದ ಸುಡಾನಿನ ಊರುಗಳಲ್ಲಿ, ಅಯೋಡಿನ್ ಕೊರತೆಯಿದ್ದಾಗ ಆ ಧಾನ್ಯ ಗಳಗಂಡವನ್ನು ಹೆಚ್ಚಿಸಿದಂತೆ ಕಂಡಿದೆ. ಹಾಗೆಂದು ಈ ಭಾಗದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಗೆ ಅಂಜಬೇಕಿಲ್ಲ. ಉಪ್ಪಿನ ಡಬ್ಬಿಯನ್ನು ನೋಡಬೇಕು. ಒಲೆಯ ಮಗ್ಗುಲಲ್ಲಿ ಬಾಯಿ ತೆರೆದಿಟ್ಟು, ಹಬೆಗೆ ಒದ್ದೆಯಾದ ಉಪ್ಪಿನಿಂದ ಅಯೋಡಿನ್ ದಿನೇ ದಿನೇ ಹಾರಿಹೋಗುತ್ತದೆ.